ಇಂಗ್ಲೆಂಡಿನಲ್ಲಿ ನೈಟ್ ಡ್ಯೂಟಿ: ಉಡುಪಿಯಿಂದ ಬರುವ ನರ್ಸಿಗೆ ನನ್ನ ಉತ್ತರ

ಉಡುಪಿಯ ಐಸಿಯುನಲ್ಲಿ 4 ವರ್ಷ ದುಡಿದಿದ್ದೇನೆ, ಇಂಗ್ಲೆಂಡಿನ ವೀಸಾ ಆಗಿದೆ, ತುರ್ತು ರೋಗಿಗಳನ್ನು ಬೇರೆ ಆಸ್ಪತ್ರೆಗೆ ಕಳಿಸುವ ನೈಟ್ ಡೆಸ್ಕಿಗೆ ಸೇರಬಹುದಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ. ಸೇರಬಹುದು, ಆದರೆ ಬಂದ ಕೂಡಲೇ ಬೇಡ. ಹೇಗೂ ಇಲ್ಲಿ ನರ್ಸಿನ ಕೆಲಸ ಮಾಡಿ ತೋರಿಸುವ ಆಸ್ಕಿ ಪರೀಕ್ಷೆ ಪಾಸಾಗುವವರೆಗೆ ಪಿನ್, ಅಂದರೆ ನರ್ಸಿನ ನೋಂದಣಿ ನಂಬರ್, ಸಿಗುವುದಿಲ್ಲ. ಆಮೇಲೂ ಒಂದು ವರ್ಷ ವಾರ್ಡಿನಲ್ಲಿ ಇರಿ.

ಯಾಕೆಂದರೆ ಈ ಕೆಲಸ ಮುಕ್ಕಾಲು ಪಾಲು ಫೋನಿನಲ್ಲೇ. ಒಇಟಿ ಇಂಗ್ಲಿಷ್ ಪರೀಕ್ಷೆಯಲ್ಲಿ ಬಿ ಗ್ರೇಡ್ ಬಂದಿರಬಹುದು ಮಾರಾಯ್ರೆ, ಆದರೆ ರಾತ್ರಿ ಮೂರಕ್ಕೆ ಲಿವರ್‌ಪೂಲ್ ಕಡೆಯ ಡಾಕ್ಟರು ಗಡಿಬಿಡಿಯಲ್ಲಿ ಮಾತಾಡಿದರೆ ತಲೆಬುಡ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಹೇಳಿ ಅನ್ನಲು ನಾಚಿಕೆ ಬೇಡ. ಡೋಸ್ ಹೇಳುವಾಗ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ತರ ಕೇಳುತ್ತವೆ. ಒನ್ ಫೈವ್ ಅಂತ ಬಿಡಿಸಿ ಹೇಳಿ, ಅವರಿಂದಲೂ ಹೇಳಿಸಿ.

ಊರಿನಲ್ಲಾದರೆ ಶಿವಮೊಗ್ಗ ಕಡೆಯಿಂದ ಕೇಸ್ ಬರುವಾಗ ಮನೆಯವರೇ ಬಿಲ್ ಕಟ್ಟಿ, ಆಂಬುಲೆನ್ಸ್ ಹಿಡಿದು, ಘಾಟಿ ಇಳಿಸಿಕೊಂಡು ಬರುತ್ತಾರೆ ಅಲ್ವಾ? ಎಷ್ಟೋ ಸಲ ಗಾಡಿ ಬಾಗಿಲಿಗೆ ಬಂದ ಮೇಲೇ ನಮಗೆ ಸುದ್ದಿ. ಇಲ್ಲಿ ಮನೆಯವರು ಓಡಾಡುವುದಿಲ್ಲ, ಡೆಪಾಸಿಟ್ಟಿನ ಮಾತೂ ಇಲ್ಲ. ಮಾತೆಲ್ಲ ಬೆಡ್ಡಿನದ್ದು. ಆ ಕಡೆ ರೋಗಿಯನ್ನು ಒಪ್ಪಿಕೊಂಡ ಡಾಕ್ಟರು ಯಾರು, ಎಷ್ಟು ಗಂಟೆಗೆ ಒಪ್ಪಿದರು, ಎಲ್ಲ ಹೆಸರು ಸಮೇತ ಬರೆದಿಡಬೇಕು. ಡಾಕ್ಟರು ಒಪ್ಪಿದರೆ ಬೆಡ್ ಇರುವುದಿಲ್ಲ, ಬೆಡ್ ಸಿಕ್ಕರೆ ಆಂಬುಲೆನ್ಸ್ ಇರುವುದಿಲ್ಲ. ಸ್ಟ್ರೋಕ್ ಕೇಸ್ ಆದರೆ ಪ್ರಾಣವೇ ಹಿಂಡುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ಎಳೆದು ತೆಗೆಯುವ ಥ್ರಾಂಬೆಕ್ಟಮಿ ಎಲ್ಲಾ ಆಸ್ಪತ್ರೆಯಲ್ಲಿ ಇಲ್ಲ, ಇರುವ ಕಡೆಗೆ ಬೇಗ ಮುಟ್ಟಿಸಲೇಬೇಕು.

ಹೊರಡುವ ಮುಂಚೆ ನಾನು ಬಿಡದೆ ಕೇಳುವುದು ಆಕ್ಸಿಜನ್. ಕೈಯಲ್ಲಿ ಒಯ್ಯುವ, ‘ಸಿಡಿ’ ಅಂತ ಕರೆಯುವ ಸೈಜಿನ ಸಿಲಿಂಡರ್ ತುಂಬಿದ್ದರೆ 460 ಲೀಟರ್. ನಿಮಿಷಕ್ಕೆ 15 ಲೀಟರ್ ಬಿಟ್ಟರೆ ಅರ್ಧ ಗಂಟೆಗೆ ಖಾಲಿ. ಆಂಬುಲೆನ್ಸಿನಲ್ಲಿ ದೊಡ್ಡದು ಉಂಟು, ನಿಜ. ಆದರೆ ವಾರ್ಡಿನಿಂದ ಲಿಫ್ಟಿಗೆ, ಅಲ್ಲಿಂದ ಗಾಡಿಗೆ, ಆ ಕಡೆ ಇಳಿಸಿ ಕಾಯುವ ಹೊತ್ತು, ಇಷ್ಟೂ ಈ ಚಿಕ್ಕದರ ಮೇಲೇ. ಒಂದು ಸಾಕು ಅಂತ ಯಾರಾದರೂ ಅಂದರೆ ಸುಮ್ನೆ ಇನ್ನೊಂದು ಇಟ್ಟು ಕಳಿಸಿ.

ದುಡ್ಡಿನ ವಿಷಯ: ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಬ್ಯಾಂಡ್ 5ಕ್ಕೆ, ಅಂದರೆ ನರ್ಸುಗಳು ಶುರು ಮಾಡುವ ಸಂಬಳದ ದರ್ಜೆಗೆ, ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಶೇ. 30 ಜಾಸ್ತಿ, ಭಾನುವಾರ ಶೇ. 60. ಇದನ್ನು ನೋಡಿ ಬರೀ ನೈಟ್ ಬರೆಸಿಕೊಳ್ಳುವವರಿದ್ದಾರೆ. ನನ್ನ ಮಾತು ಕೇಳಿದರೆ ಬೇಡ. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲೆ, ಮಲಗಿ ಏಳುವಾಗ ಹಗಲು ಮುಗಿದಿರುತ್ತದೆ. ಬೇಸಿಗೆಯಲ್ಲಿ ತದ್ವಿರುದ್ಧ, ದಪ್ಪ ಕರ್ಟನ್ ಇಲ್ಲದೆ ನಿದ್ದೆಯೇ ಇಲ್ಲ. ಒಂದು ಅನುಕೂಲ ಉಂಟು. ಚಳಿಗಾಲದಲ್ಲಿ ಎರಡೂವರೆಗೆ ಬ್ರೇಕ್ ಸಿಕ್ಕಿದರೆ ಊರಿನಲ್ಲಿ ಬೆಳಿಗ್ಗೆ ಎಂಟು, ಅಮ್ಮನಿಗೆ ಆರಾಮಾಗಿ ಫೋನ್ ಮಾಡಬಹುದು.

ಕುಚ್ಚಲಕ್ಕಿ ಹೊತ್ತುಕೊಂಡು ಬರಬೇಡಿ, ಮಲಯಾಳಿ ಅಂಗಡಿಯಲ್ಲಿ ಮಟ್ಟ ಅಕ್ಕಿ ಸಿಗುತ್ತದೆ. ಒಣಮೀನು ಮಾತ್ರ ಬಾಡಿಗೆ ರೂಮಿನಲ್ಲಿ ಹುರಿಯಲು ಹೋಗಬೇಡಿ. ಸ್ಮೋಕ್ ಅಲಾರಂ ಕೂಗಿ ಹಗಲು ಮಲಗಿದ ನೈಟ್ ಡ್ಯೂಟಿಯವರೆಲ್ಲ ಎದ್ದು ಬರುತ್ತಾರೆ.