ಹೈಸ್ಕೂಲ್ ಮಕ್ಕಳಿಗೆ ವಿವರಣೆ ಬರೆಯುವುದನ್ನು ಹೇಗೆ ಕಲಿಸುವುದು?

"ಹಾಲು ಮೊಸರಾಗುವುದು ಹೇಗೆ?" ಅಂತ ಬರೆಯಲು ಹೇಳಿ ನೋಡಿ. ಜಾಸ್ತಿ ಮಕ್ಕಳು ಮೊಸರು ಮಾಡುವ ವಿಧಾನ ಬರೆದು ಕೊಡುತ್ತಾರೆ: ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕಿ. ಅದು ವಿವರಣೆಯಲ್ಲ, ಅಲ್ವಾ? ವಿವರಣೆಯಲ್ಲಿ 'ಯಾಕೆ' ಬರಬೇಕು. ಮೊದಲು ಈ ವ್ಯತ್ಯಾಸ ತೋರಿಸಿ.

ಬರೆಸುವ ಮುಂಚೆ ಬಾಯಲ್ಲಿ ಹೇಳಿಸಿ. ಅವರು ಹೇಳಿದ್ದನ್ನು ಬೋರ್ಡ್ ಮೇಲೆ ಚೌಕಗಳಲ್ಲಿ ಬರೆದು, ನಡುವೆ ಬಾಣ ಹಾಕಿ. ಪ್ರತಿ ಬಾಣಕ್ಕೂ "ಅದರಿಂದ ಏನಾಯ್ತು?" ಅಂತ ಕೇಳಿ. ಉತ್ತರಗಳು ಹೀಗೆ ಬರಬೇಕು: ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಹೆಚ್ಚಾದಂತೆ ಹಾಲಿನ ಪ್ರೋಟೀನ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಗಾಗಿ ಹಾಲು ಗಟ್ಟಿಯಾಗುತ್ತದೆ. ಯಾವ ಬಾಣದಲ್ಲಿ ಮಗು ತಡವರಿಸುತ್ತದೋ ಅಲ್ಲಿ ಪಾಠವೇ ಅರ್ಥವಾಗಿಲ್ಲ. ಅಲ್ಲಿ ನಿಲ್ಲಿ, ಅವಸರ ಬೇಡ. ನನ್ನ ಪ್ರಕಾರ ಸಮಯ ಕೊಡಬೇಕಾದದ್ದು ಇಲ್ಲೇ.

ಬರೆಯುವುದು ಆಮೇಲೆ ಸುಲಭ. ಬರೀ 'ಆಮೇಲೆ, ಆಮೇಲೆ' ಅನ್ನುವ ಬದಲು 'ಇದರಿಂದ', 'ಹಾಗಾಗಿ', 'ಏಕೆಂದರೆ' ಬಳಸಲಿ.

ಬರೆದ ಮೇಲೆ ಪಕ್ಕದವರಿಗೆ ಓದಲು ಕೊಡಿಸಿ, "ಚಳಿಗಾಲದಲ್ಲಿ ಮೊಸರು ತಡವಾಗಿ ಹೆಪ್ಪುಗಟ್ಟುವುದು ಯಾಕೆ?" ಅಂತ ಓದಿದವರನ್ನು ಕೇಳಿ. ಬೆಚ್ಚಗಿದ್ದರೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ ಅನ್ನುವ ಮಾತು ಬಿಟ್ಟುಹೋಗಿದ್ದರೆ, ಬರೆದ ಮಗು ಅದನ್ನು ತಾನೇ ಸೇರಿಸುತ್ತದೆ.