ಮನೆಯಲ್ಲಿ 176, ಅಳತೆಗಾರರ ಬಳಿ 168 4/8: ವ್ಯತ್ಯಾಸ ಯಾಕೆ?

ನಿಮ್ಮ ಓಹಾಯೋ ವೈಟ್‌ಟೇಲ್ (ಬಿಳಿಬಾಲದ ಜಿಂಕೆ) ಕೊಂಬು ಮನೆಯಲ್ಲಿ 176 ಇಂಚು ಬಂದಿತ್ತು, ಅಧಿಕೃತ ಅಳತೆಗಾರರು ಏಳೂವರೆ ಇಂಚು ಕಡಿಮೆ ಕೊಟ್ಟರು ಅಂತ ಬೇಜಾರಾಗಬೇಡಿ. ನೀವು ಹಿಡಿದದ್ದು ಬಹುಶಃ ಗ್ರಾಸ್ (ಏನೂ ಕಳೆಯದ ಒಟ್ಟು ಅಂಕ), ಅವರು ಬರೆದದ್ದು ನೆಟ್ (ಕಳೆದು ಉಳಿದದ್ದು).

ಬೇಟೆಯ ದಾಖಲೆ ಇಡುವ ಅಮೆರಿಕದ ಬೂನ್ ಅಂಡ್ ಕ್ರಾಕೆಟ್ ಕ್ಲಬ್‌ನ ಟಿಪಿಕಲ್ (ಸಾಮಾನ್ಯ ಆಕಾರದ ಕೊಂಬಿನ) ಲೆಕ್ಕದಲ್ಲಿ ಎಡ-ಬಲದ ವ್ಯತ್ಯಾಸವೆಲ್ಲ ಕಳೆಯುತ್ತದೆ. ಬಲಗಡೆ ಜಿ-2 (ಬುಡದಿಂದ ಎರಡನೆಯ) ಕವಲು 11 4/8 ಇಂಚು, ಎಡಗಡೆ 9 6/8 ಇದ್ದರೆ ಅಲ್ಲೇ 1 6/8 ಹೋಯಿತು. ಬುಡದ ಹತ್ತಿರ ಅಡ್ಡಾದಿಡ್ಡಿ ಮೂಡಿದ ಮರಿಕವಲು ಇದ್ದರೆ ಅದರ ಪೂರ್ತಿ ಉದ್ದವೂ ಕಳೆ. (ನಾನ್-ಟಿಪಿಕಲ್, ಅಂದರೆ ಅಡ್ಡಾದಿಡ್ಡಿ ಕೊಂಬಿನ ಲೆಕ್ಕದಲ್ಲಿ ಅದೇ ಕೂಡುತ್ತದೆ, ಆದರೆ ಅಲ್ಲಿ ಆಲ್‌ಟೈಮ್ ಪಟ್ಟಿ ಸೇರುವ ಗಡಿ 195.)

ಮನೆಯಲ್ಲಿ ತಪ್ಪುವುದು ಹೆಚ್ಚಾಗಿ ಸುತ್ತಳತೆಯಲ್ಲಿ. ಬುಡದ ಗಂಟಿನ ಮೇಲೆ ಟೇಪ್ ಸುತ್ತಬಾರದು. ಗಂಟಿಗೂ ಮೊದಲ ಕವಲಿಗೂ ನಡುವೆ ಅತಿ ತೆಳ್ಳಗಿನ ಜಾಗ ಹುಡುಕಬೇಕು. ಕಾಲು ಇಂಚು ಅಗಲದ ಉಕ್ಕಿನ ಟೇಪೇ ಬೇಕು, ದರ್ಜಿಯ ಟೇಪ್ ಎಳೆದಂತೆ ಹಿಗ್ಗುತ್ತದೆ. ಎರಡು ಕೊಂಬುಗಳ ನಡುವಿನ ಅಗಲವನ್ನು ಒಳಗಿನಿಂದಲೇ ಹಿಡಿಯಬೇಕು, ಅದಕ್ಕೂ ಎರಡರಲ್ಲಿ ಉದ್ದನೆಯ ಮುಖ್ಯ ಕೊಂಬಿನ ಉದ್ದಕ್ಕಿಂತ ಹೆಚ್ಚು ಅಂಕ ಸಿಗುವುದಿಲ್ಲ. ಇಂಚಿಗಿಂತ ಗಿಡ್ಡ ಮೊನೆ ಕವಲೇ ಅಲ್ಲ.

ಜೊತೆಗೆ 60 ದಿನ ಒಣಗಿದ ಮೇಲೆ ಅಳೆಯುವುದು ನಿಯಮ. ತಲೆಬುರುಡೆ ಒಣಗುವಾಗ ಕೊಂಬುಗಳು ಒಳಕ್ಕೆ ಎಳೆದುಕೊಂಡು ಅಗಲ ಕುಗ್ಗುತ್ತದೆ. ಬೇಯಿಸಿದ್ದರೆ ದಿನ ಎಣಿಕೆ ಪಾತ್ರೆಯಿಂದ ತೆಗೆದ ಮೇಲೆ ಶುರು. ಬುರುಡೆ ಸೀಳಿದ್ದರೆ ಅರ್ಜಿಯೇ ತಿರಸ್ಕೃತ.

168 4/8 ಅಂದರೆ ಕ್ಲಬ್‌ನ ಆಲ್‌ಟೈಮ್ (ಸಾರ್ವಕಾಲಿಕ ದಾಖಲೆ) ಪಟ್ಟಿಯ 170ಕ್ಕೆ ಸಾಲದು, ಆದರೆ ಅವಾರ್ಡ್ಸ್ (ಆಯಾ ಅವಧಿಯ ಪ್ರಶಸ್ತಿ) ಪಟ್ಟಿಗೆ 160 ಸಾಕು. ಅರ್ಜಿ ಹಾಕಿ.