ಸಂಪಾದಕರ ಉತ್ತರ: ತರಂಗ ಆಮೇಲೆ, ಮೊದಲು ಎರಡೇ ಸಂಖ್ಯೆ

ಸೇಡಂನಿಂದ ಬಂದ ಪತ್ರದ ಸಾರ: "ಪಿಯುಸಿ ವಿಜ್ಞಾನ ಓದಿ ಹನ್ನೆರಡು ವರ್ಷವಾಯಿತು. ಈಗ ದಾಲ್ ಮಿಲ್ಲಿನಲ್ಲಿ ಲೆಕ್ಕ ನೋಡುತ್ತೇನೆ. ಕ್ವಾಂಟಂ ಮೆಕ್ಯಾನಿಕ್ಸ್ ನಾನಾಗಿಯೇ ಕಲಿಯುವ ಆಸೆ. ವಿಡಿಯೊ ನೋಡಿದರೆ ತಿಳಿದ ಹಾಗಿರುತ್ತದೆ, ಪುಸ್ತಕ ಹಿಡಿದರೆ ಮೂರನೇ ಪುಟಕ್ಕೇ ನಿಂತುಬಿಡುತ್ತೇನೆ. ಎಲ್ಲಿಂದ ಶುರು ಮಾಡಲಿ?"

ಮೂರನೇ ಪುಟಕ್ಕೇ, ಕಣವನ್ನು ತರಂಗವಾಗಿ ವರ್ಣಿಸುವ ಶ್ರೋಡಿಂಜರ್ ಸಮೀಕರಣ ಬಂದಿರಬೇಕು. ಅಲ್ಲಿ ಭೌತಶಾಸ್ತ್ರಕ್ಕಿಂತ ಮುಂಚೆ ಗಣಿತ ಕಾಲಿಗೆ ತೊಡರುತ್ತದೆ. ಪುಸ್ತಕ ಮುಚ್ಚಿಡಿ, ಆರು ವಾರ ಗಣಿತಕ್ಕೇ ಕೊಡಿ. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಕೈಯಲ್ಲಿ ಪೆನ್ನು ಇರಲೇಬೇಕು.

ಹಳೆಯ ಪಿಯು ಪುಸ್ತಕಗಳನ್ನೇ ತೆಗೆಯಿರಿ. ಮೊದಲ ವರ್ಷದ್ದರಲ್ಲಿ ಸಂಕೀರ್ಣ ಸಂಖ್ಯೆ. ಎರಡನೇ ವರ್ಷದ್ದರಲ್ಲಿ ಮಾತೃಕೆ, ಅನುಕಲನ, ಸಂಭವನೀಯತೆ. ಐಗನ್ ಮೌಲ್ಯಕ್ಕೆ (ಮಾತೃಕೆ ಒಂದು ಸದಿಶದ ನೇರ ಬದಲಿಸದೆ ಅದನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬ ಸಂಖ್ಯೆಗೆ) ಮಾತ್ರ ಬಿ.ಎಸ್ಸಿ. ಗಣಿತದ ಪುಸ್ತಕ ಬೇಕು. 2×2 ಮಾತೃಕೆಯ ಮಟ್ಟಿಗೆ ಬಂದರೆ ಸಾಕು, ದೊಡ್ಡ ನಿರ್ಧಾರಕ ಬಿಡಿಸುತ್ತ ಕೂರಬೇಡಿ.

ನಿಮ್ಮ ತಾಲ್ಲೂಕಿನ ಮಳಖೇಡದಿಂದ ಅಮೋಘವರ್ಷ ಆಳುತ್ತಿದ್ದ 9ನೇ ಶತಮಾನದಲ್ಲಿ ಗಣಿತಜ್ಞ ಮಹಾವೀರಾಚಾರ್ಯರು, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಎಣಿಸುವ, ತೂಗುವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ನಿಲ್ಲುತ್ತದೆ. ಎಲೆಕ್ಟ್ರಾನಿನ ಲೆಕ್ಕಕ್ಕೆ ಬಂದಾಗ −1ರ ವರ್ಗಮೂಲ, ಅಂದರೆ 'ಐ', ಬೇಕಾಗುತ್ತದೆ. ಯಾಕೆಂದು ನೀವೇ ಲೆಕ್ಕ ಮಾಡಿ ನೋಡಿ.

ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದಕ್ಕೆ ಹುಟ್ಟಿನಿಂದಲೇ ಇರುವ ಕೋನೀಯ ಸಂವೇಗ, ಅಳೆದರೆ ಸಿಗುವುದು ಎರಡೇ ಉತ್ತರ: ಮೇಲೆ, ಇಲ್ಲವೇ ಕೆಳಗೆ. ಆದ್ದರಿಂದ ಅದರ ಸ್ಥಿತಿಗೆ ಎರಡು ಸಂಖ್ಯೆ ಸಾಕು. 3/5 ಮತ್ತು 4ಐ/5 ಎಂದಿಟ್ಟುಕೊಳ್ಳಿ. ಪ್ರತಿ ಸಂಖ್ಯೆಯನ್ನೂ ಅದರ ಸಂಯುಗ್ಮಿಯಿಂದ, ಅಂದರೆ ಐ ಇದ್ದಲ್ಲಿ −ಐ ಬರೆದು, ಗುಣಿಸಿ. ಸಂಭವನೀಯತೆ 9/25 ಮತ್ತು 16/25, ಕೂಡಿದರೆ 1. ಹೊಸಬರು ಸಂಯುಗ್ಮಿ ಮರೆತು ನೇರ ವರ್ಗ ಮಾಡಿಬಿಡುತ್ತಾರೆ, −16/25 ಬರುತ್ತದೆ. ಸಂಭವನೀಯತೆ ಋಣವಾದರೆ ಅಲ್ಲೇ ನಿಂತು ಹಿಂದಿನ ಸಾಲು ನೋಡಿ.

ಈಗ ಐ ತೆಗೆದು 3/5, 4/5 ಇಡಿ. ಉತ್ತರ ಮೊದಲಿನದೇ. ಹಾಗಾದರೆ ಐ ದಂಡವೇ? ಉಪಕರಣವನ್ನು 90 ಡಿಗ್ರಿ ತಿರುಗಿಸಿ ಎಕ್ಸ್ ದಿಕ್ಕಿನಲ್ಲಿ ಅಳೆಯಿರಿ: ಎರಡೂ ಸಂಖ್ಯೆ ಕೂಡಿಸಿ, √2ರಿಂದ ಭಾಗಿಸಿ, ಬಂದದ್ದನ್ನು ಅದರ ಸಂಯುಗ್ಮಿಯಿಂದ ಗುಣಿಸಿ. ಐ ಇಲ್ಲದ ಸ್ಥಿತಿಗೆ 49/50 ಬರುತ್ತದೆ, ಐ ಇರುವ ಸ್ಥಿತಿಗೆ 1/2! ಒಂದು ದಿಕ್ಕಿನಲ್ಲಿ ಗುರುತೇ ಸಿಗದ ವ್ಯತ್ಯಾಸ ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಇಷ್ಟು ಕೈಗೆ ಕೂತ ಮೇಲೆ, 1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿಯ ಪರಮಾಣುಗಳ ಕಿರಣವನ್ನು ಎರಡಾಗಿ ಸೀಳಿದ ಪ್ರಯೋಗ ಓದಿ.

ವಿಡಿಯೊ ಬಿಡಬೇಕಿಲ್ಲ, ಐಐಟಿ ಮತ್ತಿತರ ಸಂಸ್ಥೆಗಳ ಪ್ರಾಧ್ಯಾಪಕರ ಎನ್‌ಪಿಟೆಲ್ ಪಾಠಗಳು ಉಚಿತವಾಗಿ ಸಿಗುತ್ತವೆ. ಬೋರ್ಡಿನ ಮೇಲೆ ಒಂದು ಸಾಲು ಬಂದಾಗ ನಿಲ್ಲಿಸಿ, ಮುಂದಿನ ಸಾಲು ನೀವೇ ಬರೆದು, ಆಮೇಲೆ ಮುಂದುವರಿಸಿ.

ತರಂಗದ ಪಾಲಿಗೆ 'ಪೆಟ್ಟಿಗೆಯೊಳಗಿನ ಕಣ', ಅಂದರೆ ಎರಡು ಗೋಡೆಗಳ ನಡುವೆ ಸಿಕ್ಕಿಬಿದ್ದ ಕಣದ ಲೆಕ್ಕ, ಒಂದನ್ನೇ ಪೂರ್ತಿ ಮಾಡಿ. 1 ನ್ಯಾನೊಮೀಟರ್ ಅಗಲದ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನಿನ ಕನಿಷ್ಠ ಶಕ್ತಿ ಸುಮಾರು 0.38 ಎಲೆಕ್ಟ್ರಾನ್‌ವೋಲ್ಟ್; ಮುಂದಿನವು ಅದರ 4 ಪಟ್ಟು, 9 ಪಟ್ಟು. ನಿಮ್ಮ ಉತ್ತರ 39 ಪಟ್ಟು ಕಡಿಮೆ ಬಂದರೆ ಎಚ್ (ಪ್ಲ್ಯಾಂಕ್ ಸ್ಥಿರಾಂಕ) ಇರಬೇಕಾದಲ್ಲಿ ಎಚ್‌-ಬಾರ್ ಹಾಕಿದ್ದೀರಿ: ಮೊದಲನೆಯದನ್ನು 2 ಪೈನಿಂದ ಭಾಗಿಸಿದರೆ ಎರಡನೆಯದು, ಆ 2 ಪೈಯನ್ನು ವರ್ಗ ಮಾಡಿದಾಗ ಅದು ಅಷ್ಟಾಗುತ್ತದೆ. ಕೊನೆಗೆ, ಕನಿಷ್ಠ ಶಕ್ತಿಯ ಕಣ ಪೆಟ್ಟಿಗೆಯ ನಡುವಿನ ಮೂರರಲ್ಲೊಂದು ಭಾಗದಲ್ಲಿ ಸಿಗುವ ಸಂಭವನೀಯತೆ ಅನುಕಲಿಸಿ. 0.61 ಬರಬೇಕು. ಬಂದ ದಿನ, ಮುಚ್ಚಿಟ್ಟ ಪುಸ್ತಕದ ಮೂರನೇ ಪುಟ ತೆರೆಯಿರಿ.